4294967297: ಆಧಾರ 2ಕ್ಕೆ ಪಾಸು, ಆಧಾರ 3ಕ್ಕೆ ಫೇಲು. ಈ ಸಂಖ್ಯೆ ಯಾವ ಯಾವ ಗುಂಪಿಗೆ ಸೇರುತ್ತೆ?

#1 ಶೇಷಗಣಿತ
2^32 + 1, ಅಂದರೆ 4294967297ರ ಗುಣಗಳನ್ನು ಒಂದೇ ಕಡೆ ಕಲೆಹಾಕಬೇಕು. ಎರಡು ಕಡೆ ಲೆಕ್ಕ ಕೂಡ್ತಾ ಇಲ್ಲ.

ಮೊದಲನೇದು: ಫರ್ಮಾ ಪರೀಕ್ಷೆಯಲ್ಲಿ (ಒಂದು ಆಧಾರದ ಘಾತ ತೆಗೆದು, ಶೇಷ ನೋಡಿ, ಸಂಖ್ಯೆ ಅವಿಭಾಜ್ಯ ಇರಬಹುದಾ ಅಂತ ಹೇಳೋದು) ಆಧಾರ 2 ಇಟ್ಟರೆ ಶೇಷ 1 ಬರಬೇಕು. ಸಿ ಭಾಷೆಯ ಪ್ರೋಗ್ರಾಂ (ಅನ್‌ಸೈನ್ಡ್ 64 ಬಿಟ್) 2^64ರ ಶೇಷ 0 ಅಂತ ತೋರಿಸುತ್ತೆ. ಬೆಸ ಸಂಖ್ಯೆಯಿಂದ 2ರ ಘಾತ ನಿಶ್ಶೇಷವಾಗಿ ಭಾಗವಾಗೋದೇ ಇಲ್ಲ, ಹಾಗಾಗಿ 0 ಅಂತೂ ತಪ್ಪು. ಎರಡನೇದು: ಪೊಲಾರ್ಡ್‌ನ "ಪಿ ಮೈನಸ್ ಒಂದು" ಅನ್ನೋ ಅಪವರ್ತನ ಹುಡುಕುವ ವಿಧಾನ ಹಾಕಿದರೆ ಮ.ಸಾ.ಅ. ಅಂತ 4294967297 ಅನ್ನೇ ವಾಪಸ್ ಕೊಡುತ್ತೆ, ಅಪವರ್ತನ ಸಿಗಲ್ಲ.

ಇದರ ಅಪವರ್ತನಗಳು 641 ಮತ್ತು 6700417 ಅಂತ ಎಲ್ಲರಿಗೂ ಗೊತ್ತು. ವಿಧಾನ ಎಲ್ಲಿ ಜಾರುತ್ತೆ, ಮತ್ತು ಈ ಸಂಖ್ಯೆಗೆ ಯಾವ ಯಾವ ಹೆಸರು ಒಪ್ಪುತ್ತೆ ಅನ್ನೋದು ಪ್ರಶ್ನೆ.

#2 ಮೂವತ್ತೆರಡು_ಬಿಟ್
ಮೊದಲನೇದು ಜಾಗದ ಸಮಸ್ಯೆ. ಈ ಸಂಖ್ಯೆಯಿಂದ ಭಾಗಿಸಿದಾಗ ಬರಬಹುದಾದ ಶೇಷ 0ಯಿಂದ 4294967296ರವರೆಗೆ. ಕೊನೆಯದು ಸರಿಯಾಗಿ 2^32. ಅದರ ವರ್ಗ 2^64. ಅನ್‌ಸೈನ್ಡ್ 64 ಬಿಟ್‌ನಲ್ಲಿ ಹಿಡಿಯೋದು 2^64 − 1ರ ತನಕ ಮಾತ್ರ. ಒಂದೇ ಒಂದು ಹೆಚ್ಚಾಗಿ, ಸುತ್ತು ಹಾಕಿ 0 ಆಯ್ತು.

ಗಮನಿಸಿ, ಬೇರೆ ಯಾವ ಶೇಷದ ವರ್ಗವೂ ಉಕ್ಕಲ್ಲ. 4294967295ರ ವರ್ಗ ಕೂಡ 64 ಬಿಟ್‌ನೊಳಗೇ ಇರುತ್ತೆ. 429 ಕೋಟಿ ಶೇಷಗಳಲ್ಲಿ ತಪ್ಪುವುದು ಒಂದೇ, ಆಧಾರ 2 ನೇರ ಅಲ್ಲಿಗೇ ಹೋಗುತ್ತೆ: 2, 4, 16, 256, 65536, 4294967296. ಐದು ಸಲ ವರ್ಗ ಮಾಡಿದರೆ ಆ ಗುಂಡಿ. ಆರನೇ ಸಲಕ್ಕೆ 0.

ಸೈನ್ಡ್ 64 ಬಿಟ್ ಇಟ್ಟಿದ್ದರೆ ಇನ್ನೂ ಕೆಟ್ಟದು, 3037000499ಕ್ಕಿಂತ ದೊಡ್ಡ ಶೇಷ ಬಂದಾಗಲೆಲ್ಲ ವರ್ಗ ಹಾಳು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ನಂಬರ್ 2^53ರ ತನಕ ಮಾತ್ರ ನಿಖರ, ಅಲ್ಲಿ ಬಿಗ್‌ಇಂಟ್ ಬೇಕೇ ಬೇಕು. ಪೈಥಾನ್‌ನಲ್ಲಿ ಪೌ ಫಂಕ್ಷನ್‌ಗೆ ಮೂರು ಬೆಲೆ ಕೊಟ್ಟರೆ ಈ ತಲೆನೋವೇ ಇಲ್ಲ.

#3 ಮಗ್ಗಿಪುಸ್ತಕ
32 ಬಿಟ್ ವೇರಿಯಬಲ್‌ನಲ್ಲಿ ಈ ಸಂಖ್ಯೆ ಇಟ್ಟರೆ 1 ಅಂತ ಉಳಿಯುತ್ತೆ, ಅದನ್ನೂ ನೋಡಿಕೊಳ್ಳಿ. ಯಾವುದನ್ನು 1ರಿಂದ ಭಾಗಿಸಿದರೂ ಶೇಷ 0.

#4 ಎರಡರಘಾತ
ಈಗ ಗುಂಪಿನ ವಿಚಾರ. ಸಂಖ್ಯೆಯನ್ನು ಸಂ ಅಂತ ಕರೆಯೋಣ. ಸಂ = 2^32 + 1, ಹಾಗಾಗಿ ಸಂ ಲೆಕ್ಕದಲ್ಲಿ (ಸಂ ಇಂದ ಭಾಗಿಸಿ ಶೇಷ ಮಾತ್ರ ನೋಡಿದರೆ) 2^32 ಅಂದರೆ −1, 2^64 ಅಂದರೆ 1. ಫರ್ಮಾ ಪರೀಕ್ಷೆ ಕೇಳೋದು 2ರ ಘಾತ (ಸಂ − 1)ಕ್ಕೆ ಶೇಷ 1 ಬರುತ್ತಾ ಅಂತ. ಸಂ − 1 = 2^32, ಅದು 64ರಿಂದ ಭಾಗವಾಗುತ್ತೆ. ಬಂತು 1. ಪಾಸು.

ಸಂಯುಕ್ತ ಸಂಖ್ಯೆಯಾಗಿದ್ದೂ ಪಾಸಾದ್ದರಿಂದ ಇದು ಆಧಾರ 2ರ ಹುಸಿ ಅವಿಭಾಜ್ಯ. ಇದಕ್ಕಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯಲ್ಲೂ ಆಧಾರ 2 ಪಾಸು, ಯಾಕಂದ್ರೆ ವರ್ಗ ಮಾಡ್ತಾ ಹೋಗುವ ಸಾಲಿನಲ್ಲಿ −1 ಸಿಕ್ಕಿಬಿಡುತ್ತೆ. ಅಂದರೆ "ಗಟ್ಟಿ ಹುಸಿ ಅವಿಭಾಜ್ಯ" ಅಂತಲೂ ಕರೀಬೇಕು. ಇದು 2^32 + 1ಕ್ಕೆ ಮಾತ್ರ ಸೀಮಿತ ಅಲ್ಲ. 2ರ ಘಾತಸೂಚಿಯೂ 2ರ ಘಾತವೇ ಆಗಿ, ಅದಕ್ಕೆ 1 ಕೂಡಿಸಿದ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆ ಅಂತಾರಲ್ಲ: 3, 5, 17, 257, 65537, ಆಮೇಲೆ ನಮ್ಮದು. ಇವುಗಳಲ್ಲಿ 5ರಿಂದ ಮುಂದಿನದ್ದೆಲ್ಲ, ಅವಿಭಾಜ್ಯವಾಗಿರಲಿ ಬಿಡಲಿ, ಆಧಾರ 2ಕ್ಕೆ ಪಾಸಾಗಿಯೇ ಆಗುತ್ತೆ. ಹಾಗಾಗಿ ಫರ್ಮಾ ಸಂಖ್ಯೆಗೆ ಆಧಾರ 2 ಹಾಕೋದರಿಂದ ಒಂದು ಚೂರೂ ಮಾಹಿತಿ ಸಿಗಲ್ಲ.

#5 ಮಗ್ಗಿಪುಸ್ತಕ
ಹಾಗಾದ್ರೆ ಕಾರ್ಮೈಕಲ್ ಸಂಖ್ಯೆ (ಸಹ-ಅವಿಭಾಜ್ಯವಾದ ಎಲ್ಲ ಆಧಾರಕ್ಕೂ ಫರ್ಮಾ ಪರೀಕ್ಷೆ ಪಾಸಾಗುವ ಸಂಯುಕ್ತ ಸಂಖ್ಯೆ) ಅಂತಲೂ ಸೇರಿಸಿಕೊಳ್ಳಿ. ಅಂಕೆಗಳ ಮೊತ್ತ 59, ಅದರಿಂದ ಸಂಖ್ಯೆ ಭಾಗವಾಗಲ್ಲ, ಹಾಗಾಗಿ ಹರ್ಷದ್ ಅಲ್ಲ. ಹ್ಯಾಪಿ ನಂಬರೂ (ಅಂಕೆಗಳ ವರ್ಗ ಕೂಡಿಸ್ತಾ ಹೋದರೆ 1 ಮುಟ್ಟಬೇಕು) ಅಲ್ಲ: ಅಂಕೆಗಳ ವರ್ಗಗಳ ಮೊತ್ತ 417, ಅಲ್ಲಿಂದ 66, 72, 53, 34, 25, 29, 85, 89, ಅಲ್ಲಿಗೆ ಸುಳಿಯಲ್ಲಿ ಸಿಕ್ಕಂತೆ.

#6 ಗಣಿತಾಸಕ್ತೆ
ಕಾರ್ಮೈಕಲ್ ಅಲ್ಲ. ಅದಕ್ಕೆ ಕನಿಷ್ಠ ಮೂರು ಅವಿಭಾಜ್ಯ ಅಪವರ್ತನ ಬೇಕು, ಇಲ್ಲಿರೋದು ಎರಡೇ. ಇನ್ನೊಂದು ಕಡೆಯಿಂದಲೂ ನೋಡಿ: 641 − 1 = 640 = 2^7 × 5. ಸಂ − 1 ಬರೀ 2ರ ಘಾತ, ಅದರಲ್ಲಿ 5 ಎಲ್ಲಿದೆ? ಕಾರ್ಮೈಕಲ್ ಆಗೋಕೆ ಬೇಕಿದ್ದ ಹಾಗೆ 640ರಿಂದ ಭಾಗವಾಗೋದೇ ಇಲ್ಲ.

ಎಷ್ಟು ಆಧಾರಗಳು ಸುಳ್ಳು ಹೇಳ್ತವೆ ಅಂತ ಕರಾರುವಾಕ್ಕಾಗಿ ಎಣಿಸಬಹುದು. 2^32 ಮತ್ತು 640ರ ಮ.ಸಾ.ಅ. 128. 2^32 ಮತ್ತು 6700416ರ ಮ.ಸಾ.ಅ. ಕೂಡ 128, ಯಾಕಂದ್ರೆ 6700416 = 2^7 × 3 × 17449. ಗುಣಿಸಿದರೆ 16384. ಸಂ ಜೊತೆ ಸಹ-ಅವಿಭಾಜ್ಯವಾದ ಆಧಾರಗಳು ಒಟ್ಟು 640 × 6700416 = 4288266240. ಭಾಗಿಸಿ: ಪ್ರತಿ 261735 ಆಧಾರಕ್ಕೆ ಒಂದು ಸುಳ್ಳು ಸಾಕ್ಷಿ, ಅಷ್ಟೇ. 2ರ ಘಾತಗಳೆಲ್ಲ ಆ 16384ರೊಳಗೆ ಕೂತಿವೆ. ಯಾವುದೋ ಒಂದು ಆಧಾರವನ್ನು ಚೀಟಿ ಎತ್ತಿ ಹಾಕಿದ್ದರೂ ಬಹುತೇಕ ಖಂಡಿತ ಸಿಕ್ಕಿಬೀಳುತ್ತಿತ್ತು.

#7 ಎರಡರಘಾತ
ಮೇಡಂ ಹೇಳಿದ್ದು ಸರಿ. ಇನ್ನೊಂದು ಎಚ್ಚರಿಕೆ. ಮಿಲ್ಲರ್-ರಾಬಿನ್‌ಗೆ 2, 3, 5, 7 ಈ ನಾಲ್ಕು ಆಧಾರ ಸಾಕು ಅಂತ ಕಣ್ಣುಮುಚ್ಚಿ ಹಾಕ್ತಾರೆ. ಆ ಭರವಸೆ 3215031751ಕ್ಕಿಂತ ಚಿಕ್ಕ ಸಂಖ್ಯೆಗೆ ಮಾತ್ರ. ನಮ್ಮ ಸಂಖ್ಯೆ ಅದಕ್ಕಿಂತ ದೊಡ್ಡದು. 2, 7, 61 ಇಟ್ಟರೆ 4759123141ರ ತನಕ ಭರವಸೆ ಇದೆ, ಅದರೊಳಗೆ ಬರುತ್ತೆ. ಇಲ್ಲಿ 3 ಒಂದೇ ಸಾಕಾಯ್ತು ಅನ್ನೋದು ಬೇರೆ ಮಾತು.

#8 ಶೇಷಗಣಿತ
ಹ್ಯಾಪಿ, ಹರ್ಷದ್ ಪಟ್ಟಿಗೆ ಬೇಕಾ? ಹತ್ತರ ಮಾನ ಬಿಟ್ಟು ಬೇರೆ ಮಾನದಲ್ಲಿ ಬರೆದರೆ ಅವೆಲ್ಲ ಬದಲಾಗುತ್ತವಲ್ಲ.

#9 ಗಣಿತಾಸಕ್ತೆ
ಬೇಡ ಅನ್ನೋದು ನನ್ನ ಮತ. ಬರೆಯುವ ರೀತಿ ಬದಲಿಸಿದರೆ ಹೋಗಿಬಿಡುವ ಗುಣ ಸಂಖ್ಯೆಯದಲ್ಲ, ಬರವಣಿಗೆಯದು.

#10 ಮಗ್ಗಿಪುಸ್ತಕ
ಒಪ್ಪಲ್ಲ. ದ್ವಿಮಾನದಲ್ಲಿ ಇದು 1, ಮಧ್ಯೆ 31 ಸೊನ್ನೆ, ಆಮೇಲೆ 1. ಹದಿನಾರರ ಮಾನದಲ್ಲಿ 100000001. ಎರಡರಲ್ಲೂ ಪಾಲಿಂಡ್ರೋಮ್. ಆಧಾರ 2ಕ್ಕೆ ಪಾಸಾಗೋದು, 64 ಬಿಟ್‌ನಲ್ಲಿ ಉಕ್ಕೋದು, ಎಲ್ಲ ಈ ಬರವಣಿಗೆಯಿಂದಲೇ ಅಲ್ವಾ ಹೊರಟಿದ್ದು? ಆ ಮಾನದಲ್ಲಿ ಸಂಖ್ಯೆ ಹುಟ್ಟಿದೆ, ಅಲ್ಲಿನ ಗುಣಕ್ಕೆ ಬೆಲೆ ಇದೆ. ಹತ್ತರ ಮಾನದ ಹ್ಯಾಪಿ ಬೇಕಾದರೆ ಬಿಡಿ. ಅಂದಹಾಗೆ ಸ್ಮಿತ್ ಸಂಖ್ಯೆಯೂ ಅಲ್ಲ: ಅಪವರ್ತನಗಳ ಅಂಕೆ ಮೊತ್ತ 11 + 25 = 36, ಸಂಖ್ಯೆಯದು 59.

#11 ಗಣಿತಾಸಕ್ತೆ
ದ್ವಿಮಾನದ ವಿಚಾರದಲ್ಲಿ ನಿಮ್ಮ ಮಾತಿಗೆ ತೂಕ ಇದೆ, ಒಪ್ಪಿದೆ. ಮಾನಕ್ಕೆ ಜಗ್ಗದ ಗುಣಗಳು ಇವು: ಎರಡೇ ಅವಿಭಾಜ್ಯಗಳ ಗುಣಲಬ್ಧ, ಹಾಗಾಗಿ ಅರೆ-ಅವಿಭಾಜ್ಯ. ಯಾವ ವರ್ಗದಿಂದಲೂ ಭಾಗವಾಗಲ್ಲ, ಅವಿಭಾಜ್ಯ ಅಪವರ್ತನಗಳ ಎಣಿಕೆ ಸಮ, ಹಾಗಾಗಿ ಮೋಬಿಯಸ್ ಬೆಲೆ +1. ಭಾಜಕಗಳು ನಾಲ್ಕು, ಮೊತ್ತ 4301668356. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ ಬರೀ 6701059, ಹಾಗಾಗಿ ನ್ಯೂನ ಸಂಖ್ಯೆ. ಭಾಜಕಗಳ ಸರಾಸರಿ 1075417089, ಪೂರ್ಣಾಂಕವೇ. ಕಾರ್ಮೈಕಲ್ ಫಲನದ ಬೆಲೆ, ಅಂದರೆ 640 ಮತ್ತು 6700416ರ ಲ.ಸಾ.ಅ., 33502080. ಬ್ಲಮ್ ಪೂರ್ಣಾಂಕ ಅಂತ ಯಾರಾದರೂ ಸೇರಿಸಿದರೆ ತೆಗೆದುಹಾಕಿ. ಅದಕ್ಕೆ ಎರಡೂ ಅಪವರ್ತನ 4ರಿಂದ ಭಾಗಿಸಿದಾಗ ಶೇಷ 3 ಉಳಿಸಬೇಕು, ಇಲ್ಲಿ ಎರಡೂ 1 ಉಳಿಸ್ತವೆ.

#12 ಹಳೆಗನ್ನಡಿಗ
641 ಹುಡುಕಿದ್ದು ಆಯ್ಲರ್, 1732ರಲ್ಲಿ. ಫರ್ಮಾ 1640ರಲ್ಲಿ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ನಂಬಿದ್ದ. 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಪತ್ರ ಬರೆದು ಆಯ್ಲರ್‌ನ ಗಮನ ಸೆಳೆದ. ತೊಂಬತ್ತು ವರ್ಷ ಯಾರೂ ಮುಟ್ಟಿರಲಿಲ್ಲ.

#13 ಮಗ್ಗಿಪುಸ್ತಕ
641 ಅನ್ನೋದು 116ನೇ ಅವಿಭಾಜ್ಯ. ಸುಮ್ಮನೆ 3, 5, 7 ಅಂತ ಭಾಗಿಸ್ತಾ ಹೋದರೂ 115 ಭಾಗಾಕಾರ. ಒಂದೆರಡು ದಿನದ ಕೆಲಸ. ಇದಕ್ಕೆ ಆಯ್ಲರ್ ಯಾಕೆ ಬೇಕಿತ್ತು?

#14 ಎರಡರಘಾತ
ಆಯ್ಲರ್ 115 ಮಾಡಲೇ ಇಲ್ಲ, ಅದೇ ಇಲ್ಲಿನ ಸ್ವಾರಸ್ಯ. ಇದರ ಅಪವರ್ತನ ಇದ್ದರೆ ಅದು 64ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು ಅಂತ ಮೊದಲು ಕಂಡುಕೊಂಡ. ಕಾರಣ ಮೇಲೇ ಇದೆ: ಆ ಅಪವರ್ತನದ ಲೆಕ್ಕದಲ್ಲೂ 2^32 ಅಂದರೆ −1, ಹಾಗಾಗಿ 2ರ ಘಾತಗಳು ಸುತ್ತಿ 1ಕ್ಕೆ ಬರೋದು ಸರಿಯಾಗಿ 64ನೇ ಹೆಜ್ಜೆಗೆ, ಅದಕ್ಕಿಂತ ಮೊದಲು ಅಲ್ಲ. ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ ಆ 64, ಅಪವರ್ತನದಲ್ಲಿ 1 ಕಳೆದದ್ದನ್ನು ಭಾಗಿಸಲೇಬೇಕು.

65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ ಐದೇ: 193, 257, 449, 577, 641. ಭಾಗಿಸಿದರೆ ಶೇಷ ಕ್ರಮವಾಗಿ 109, 2, 325, 288, 0. ಐದನೇ ಏಟಿಗೆ ಬಿತ್ತು.

1878ರಲ್ಲಿ ಲ್ಯೂಕಾ ಇನ್ನೂ ಬಿಗಿ ಮಾಡಿದ, 64ರ ಬದಲು 128ರ ಗುಣಕ. ಆಗ ಉಳಿಯೋದು 257 ಮತ್ತು 641. 257 ತಾನೇ ಫರ್ಮಾ ಸಂಖ್ಯೆ, ಎರಡು ಬೇರೆ ಬೇರೆ ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವೇ ಇರಲ್ಲ. ಅದನ್ನೂ ಬಿಟ್ಟರೆ ಮೊದಲ ಭಾಗಾಕಾರಕ್ಕೇ ಉತ್ತರ.

#15 ಹಳೆಗನ್ನಡಿಗ
ಹಾಗಾದರೆ ಫರ್ಮಾನಿಗೇ ಇದು ಸಿಗಬೇಕಿತ್ತು. ಚಿಕ್ಕ ಪ್ರಮೇಯ ಅವನದ್ದೇ, ಅದೇ 1640. ಅದೇ ವರ್ಷ 2^37 − 1 ಅನ್ನು 223 ಭಾಗಿಸುತ್ತೆ ಅಂತ ಇದೇ ಬಗೆಯ ಜರಡಿ ಹಿಡಿದು ತೋರಿಸಿದ್ದ.

#16 ಗಣಿತಾಸಕ್ತೆ
ಸಿಗಬೇಕಿತ್ತು. ಆಧಾರ 3 ಇಟ್ಟು ಪ್ರಮೇಯ ಪರೀಕ್ಷಿಸಿದ್ದರೂ ಸಾಕಿತ್ತು: 3ರ ಘಾತ 2^32, ಅಂದರೆ 32 ಸಲ ವರ್ಗ ಮಾಡೋದು, ಹತ್ತಂಕಿಯ ಸಂಖ್ಯೆಗಳು. ಕೊನೆಗೆ 1 ಬರಬೇಕಾದ ಕಡೆ 3029026160 ಬರುತ್ತೆ. ಕೈಲೆಕ್ಕದಲ್ಲಿ ಬೇಸರದ ಕೆಲಸ, ಅಸಾಧ್ಯವೇನಲ್ಲ.

ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸಿದರೆ ಅದು ಪೆಪಾಂ ಪರೀಕ್ಷೆ, 1877ರದ್ದು. 31 ಸಲ ವರ್ಗ ಮಾಡಿದಾಗ −1 ಬಂದರೆ ಅವಿಭಾಜ್ಯ, ಬೇರೇನು ಬಂದರೂ ಸಂಯುಕ್ತ. ಎರಡೂ ದಿಕ್ಕಿಗೆ ಖಚಿತ. ನಮ್ಮ ಸಂಖ್ಯೆಗೆ ಬರೋದು 10324303. ಪ್ರೋಗ್ರಾಂ ಸರಿ ಇದೆಯಾ ಅಂತ ನೋಡೋಕೆ ಈ ಎರಡು ಬೆಲೆ ಇಟ್ಟುಕೊಳ್ಳಿ.

ಇನ್ನೊಂದು. ಫರ್ಮಾನದೇ ಅಪವರ್ತನ ವಿಧಾನ, ಅಂದರೆ ಎರಡು ವರ್ಗಗಳ ವ್ಯತ್ಯಾಸ ಹುಡುಕೋದು, ಇಲ್ಲಿ ಕೈಕೊಡುತ್ತೆ. ಎರಡು ಅಪವರ್ತನ ಹತ್ತಿರ ಹತ್ತಿರ ಇದ್ದರೆ ಮಾತ್ರ ಅದು ಬೇಗ ಮುಗಿಯೋದು. 65537ರಿಂದ ಶುರು ಮಾಡಿ 3350529ರ ತನಕ ಹೋಗಬೇಕು, ಸುಮಾರು 33 ಲಕ್ಷ ಹೆಜ್ಜೆ.

#17 ಶೇಷಗಣಿತ
ಪೊಲಾರ್ಡ್ ಪ್ರಶ್ನೆ ಉಳಿದಿದೆ.

#18 ಎರಡರಘಾತ
ಆಧಾರ 2 ಇಟ್ಟಿದ್ದೀರಿ, ಪಂದ್ಯ ಕಟ್ಟಬಹುದು. ಆ ವಿಧಾನಕ್ಕೆ ಬೇಕಾದ್ದು ಇಷ್ಟು: ಆಧಾರದ ಘಾತ ಒಂದು ಅಪವರ್ತನದ ಲೆಕ್ಕದಲ್ಲಿ 1 ಆಗಬೇಕು, ಇನ್ನೊಂದರಲ್ಲಿ ಆಗಬಾರದು. 2ರ ಸುತ್ತು 641ರಲ್ಲೂ 64, 6700417ರಲ್ಲೂ 64. ಹಾಗಾಗಿ ಎರಡರಲ್ಲೂ ಒಟ್ಟಿಗೇ 1 ಆಗುತ್ತೆ, ಮ.ಸಾ.ಅ. ಇಡೀ ಸಂಖ್ಯೆ ಬರುತ್ತೆ. ಮಿತಿಯನ್ನು ಎಷ್ಟು ಹೆಚ್ಚಿಸಿದರೂ ಕಡಿಮೆ ಮಾಡಿದರೂ ಪ್ರಯೋಜನ ಇಲ್ಲ.

ಆಧಾರ 3 ಇಡಿ. 640 = 2^7 × 5, ಚಿಕ್ಕ ಅವಿಭಾಜ್ಯಗಳೇ. 6700416ರಲ್ಲಿ 17449 ಕೂತಿದೆ, ಅದು ಬೇಗ ಬರಲ್ಲ. ಘಾತಸೂಚಿ 8! ಅಂದರೆ 40320 ಇಟ್ಟರೆ ಸಾಕು, ಮ.ಸಾ.ಅ. 641 ಬರುತ್ತೆ. 7! ಸಾಲದು, ಅದರಲ್ಲಿ 2^4 ಮಾತ್ರ ಇದೆ, ಬೇಕಿರೋದು 2^7. ಎಷ್ಟೋ ಪ್ರೋಗ್ರಾಂಗಳಲ್ಲಿ ಫ್ಯಾಕ್ಟೋರಿಯಲ್ ಬದಲು 1ರಿಂದ ಮಿತಿಯ ತನಕದ ಲ.ಸಾ.ಅ. ಹಾಕಿರ್ತಾರೆ. ಹಾಗಿದ್ದರೆ ಮಿತಿ 128 ಮುಟ್ಟೋ ತನಕ 2^7 ಬರಲ್ಲ, 641 ಸಿಗಲ್ಲ. ಮಿತಿ 100 ಇಟ್ಟು "ವಿಧಾನ ಸೋತಿತು" ಅನ್ನೋದಕ್ಕೆ ಅದೇ ಕಾರಣ.

#19 ಗಣಿತಾಸಕ್ತೆ
ವರ್ಗಗಳ ಮಾತು ಬಂದಿದ್ದಕ್ಕೆ, ಈ ಸಂಖ್ಯೆಯ ಅತಿ ಚೆಂದದ ಗುಣ ಇನ್ನೂ ಯಾರೂ ಹೇಳಿಲ್ಲ. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದು:

65536^2 + 1^2
62264^2 + 20449^2

ಮೊದಲನೇದು ಕಣ್ಣಿಗೇ ಕಾಣುತ್ತೆ. ಎರಡನೇದನ್ನು ಗುಣಿಸಿ ನೋಡಿ: 3876805696 + 418161601 = 4294967297. ಅವಿಭಾಜ್ಯವಾಗಿದ್ದರೆ ಒಂದೇ ರೀತಿ ಇರಬೇಕಿತ್ತು. ಎರಡನೇ ರೀತಿ ಸಿಕ್ಕ ಕ್ಷಣಕ್ಕೇ ಸಂಯುಕ್ತ ಅಂತ ಖಾತ್ರಿ, ಅಪವರ್ತನವನ್ನೂ ಅದರಿಂದಲೇ ಹೊರಗೆ ಎಳೀಬಹುದು. ಈ ವಿಧಾನವೂ ಆಯ್ಲರ್‌ನ ಹೆಸರಲ್ಲೇ ಇದೆ.

ಸಮ ಸಂಖ್ಯೆಗಳ ವ್ಯತ್ಯಾಸ 65536 − 62264 = 3272, ಬೆಸ ಸಂಖ್ಯೆಗಳ ವ್ಯತ್ಯಾಸ 20449 − 1 = 20448. ಇವೆರಡರ ಮ.ಸಾ.ಅ. 8. ಈಗ ಮೊತ್ತಗಳು: 127800 ಮತ್ತು 20450, ಮ.ಸಾ.ಅ. 50. ಎರಡನ್ನೂ ಅರ್ಧ ಮಾಡಿ: 4 ಮತ್ತು 25. ವರ್ಗ ಮಾಡಿ ಕೂಡಿಸಿ: 16 + 625 = 641.

ಉಳಿದದ್ದು ಕೂಡ ಅಲ್ಲೇ ಇದೆ. 3272ನ್ನು 8ರಿಂದ ಭಾಗಿಸಿದರೆ 409, 20448ನ್ನು 8ರಿಂದ ಭಾಗಿಸಿದರೆ 2556. 409^2 + 2556^2 = 167281 + 6533136 = 6700417.

ಈಗ ತಿರುಗಿಸಿ ನೋಡಿ. 25 × 409 = 10225, 4 × 2556 = 10224. ವ್ಯತ್ಯಾಸ 1, ಮೊತ್ತ 20449. 65536^2 ಜೊತೆ ನಿಂತಿರುವ ಆ ಒಂಟಿ 1 ಹುಟ್ಟಿದ್ದು ಈ ಎರಡು ಗುಣಲಬ್ಧಗಳ ನಡುವೆ ಇರುವ ಒಂದೇ ಒಂದರ ಅಂತರದಿಂದ. ನನಗೆ ಈ ಸಂಖ್ಯೆ ಇಷ್ಟವಾಗೋದೇ ಈ ಸಾಲಿಗೆ.

#20 ಮೂವತ್ತೆರಡು_ಬಿಟ್
20449 ತಾನೇ 143ರ ವರ್ಗ ಅಲ್ವಾ! ಹಾಗಾದರೆ 20449^2 ಅನ್ನೋದು 143ರ ನಾಲ್ಕನೇ ಘಾತ.

#21 ಗಣಿತಾಸಕ್ತೆ
ಹೌದು, 62264^2 + 143^4.

#22 ಎರಡರಘಾತ
641ಕ್ಕೂ ಅಂಥದ್ದೇ ಇದೆ: 641 = 5^4 + 2^4, ಜೊತೆಗೆ 641 = 5 × 2^7 + 1. ಭಾಗಾಕಾರವೇ ಮಾಡದೆ ಇವೆರಡರಿಂದ ಸಾಧಿಸಬಹುದು. ಎರಡನೆಯದರಿಂದ 5 × 2^7 ಅಂದರೆ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5^4 × 2^28 ಅಂದರೆ 1. ಮೊದಲನೆಯದರಿಂದ 5^4 ಅಂದರೆ −2^4. ಆದೇಶಿಸಿ: −2^32 ಅಂದರೆ 1. ಹಾಗಾಗಿ 2^32 + 1ಕ್ಕೆ 641ರಲ್ಲಿ ಶೇಷ ಸೊನ್ನೆ. ಎರಡೇ ಸಾಲು, ಬಾಯಲ್ಲೇ ಹೇಳಬಹುದು.

#23 ಕಂಪಾಸು_ಪೆಟ್ಟಿಗೆ
ರೇಖಾಗಣಿತದ ಕಡೆಯಿಂದ ಎರಡು ಮಾತು. ಗೌಸ್ 1796ರಲ್ಲಿ 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ ಇಲ್ಲದೆ ಬರೀ ನೇರಪಟ್ಟಿ, ಕೈವಾರದಲ್ಲಿ ರಚಿಸಬಹುದು ಅಂತ ತೋರಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. ಬೇರೆಯವಕ್ಕೆ ಆಗಲ್ಲ ಅನ್ನೋ ಭಾಗವನ್ನು 1837ರಲ್ಲಿ ವಾಂಟ್ಸೆಲ್ ಪೂರ್ಣ ಮಾಡಿದ. ನಮ್ಮ ಸಂಖ್ಯೆ ಅವಿಭಾಜ್ಯ ಆಗಿದ್ದರೆ 4294967297 ಬಾಹುಗಳದ್ದೂ ಪಟ್ಟಿಗೆ ಸೇರುತ್ತಿತ್ತು. 641 ಸಿಕ್ಕಿದ್ದರಿಂದ ಆ ಬಾಗಿಲು ಮುಚ್ಚಿತು.

ಗೊತ್ತಿರುವ ಅತಿ ದೊಡ್ಡ ಬೆಸ ಬಾಹುಸಂಖ್ಯೆ 3 × 5 × 17 × 257 × 65537 = 4294967295. ನಮ್ಮದಕ್ಕಿಂತ ಸರಿಯಾಗಿ 2 ಕಡಿಮೆ. ಇವೆರಡೂ ಒಂದೇ ಲಂಬಕೋನ ತ್ರಿಭುಜದಲ್ಲಿ ಸೇರುತ್ತವೆ: ಬಾಹುಗಳು 4294967295 ಮತ್ತು 131072, ವಿಕರ್ಣ 4294967297.

#24 ಹಳೆಗನ್ನಡಿಗ
100000001 ಅನ್ನೋ ಪಾಲಿಂಡ್ರೋಮ್ ನೋಡಿದಾಗ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ನೆನಪಿಗೆ ಬಂತು. ಅಮೋಘವರ್ಷ ನೃಪತುಂಗನ ಕಾಲ, 9ನೇ ಶತಮಾನ. ಕಂಠಿಕೆಯಂತೆ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಗುಣಲಬ್ಧಗಳನ್ನು ಅಲ್ಲಿ ಲೆಕ್ಕವಾಗಿ ಕೊಟ್ಟಿದ್ದಾರೆ: 142857143 × 7 = 1000000001. 27994681 × 441 = 12345654321. ಸ್ಥಾನಗಳ ಹೆಸರೂ 24, ಏಕದಿಂದ ಮಹಾಕ್ಷೋಭದ ತನಕ. ನಮ್ಮ ಸಂಖ್ಯೆಗೆ ಹತ್ತನೇ ಸ್ಥಾನ ಶತಕೋಟಿ ಸಾಕು.

#25 ಮಗ್ಗಿಪುಸ್ತಕ
ವಿಷಯಕ್ಕೆ ಸಂಬಂಧ ಇಲ್ಲ ಸರ್, ಅದು ಹತ್ತರ ಮಾನ.

#26 ಎರಡರಘಾತ
ಸಂಬಂಧ ಇದೆ. ಅಲ್ಲಿರೋದು 10^9 + 1, ಇಲ್ಲಿರೋದು 16^8 + 1. ಘಾತಸೂಚಿ 9 ಬೆಸ, ಹಾಗಾಗಿ 10 + 1 = 11 ತಾನಾಗಿಯೇ ಭಾಗಿಸುತ್ತೆ. 2^32 + 1ರಲ್ಲಿ ಘಾತಸೂಚಿಗೆ ಬೆಸ ಅಪವರ್ತನವೇ ಇಲ್ಲ, ಹಾಗಾಗಿ ಅಂಥ ಸುಲಭದ ಭಾಜಕ ಸಿಗಲ್ಲ. 2ರ ಘಾತಕ್ಕೆ 1 ಕೂಡಿಸಿ ಅವಿಭಾಜ್ಯ ಬರಬೇಕಾದರೆ ಘಾತಸೂಚಿ ತಾನೇ 2ರ ಘಾತ ಆಗಿರಬೇಕು ಅನ್ನೋದು ಇದರಿಂದಲೇ. ಹತ್ತರ ಮಾನದಲ್ಲೂ 641 ಬರುತ್ತೆ: 10^16 + 1 ಅನ್ನು 641 ಭಾಗಿಸುತ್ತೆ, ಹಾಗಾಗಿ 1/641ರ ದಶಮಾಂಶ 32 ಅಂಕೆಗೊಮ್ಮೆ ಮರುಕಳಿಸುತ್ತೆ.

#27 ಕಂಪಾಸು_ಪೆಟ್ಟಿಗೆ
6700417 ಅವಿಭಾಜ್ಯ ಅಂತ ಎಲ್ಲರೂ ಒಪ್ಪಿಕೊಂಡು ಹೋಗ್ತಿದ್ದೀರಿ. ಕೈಲೆಕ್ಕದಲ್ಲಿ ಸಾಧಿಸೋದು ಹೇಗೆ? ವರ್ಗಮೂಲ 2588ರ ಹತ್ತಿರ, ಮುನ್ನೂರಕ್ಕೂ ಹೆಚ್ಚು ಅವಿಭಾಜ್ಯ ಪರೀಕ್ಷಿಸಬೇಕಲ್ಲ.

#28 ಗಣಿತಾಸಕ್ತೆ
ಬೇಕಿಲ್ಲ. ಅದರ ಅಪವರ್ತನ ಅಂದರೆ ಮೂಲ ಸಂಖ್ಯೆಯ ಅಪವರ್ತನವೇ, ಹಾಗಾಗಿ ಅದೂ 128ರ ಗುಣಕಕ್ಕೆ 1 ಸೇರಿಸಿದ ರೂಪದಲ್ಲೇ ಇರಬೇಕು. 2588ರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409, ಅಷ್ಟೇ. 257 ಆಗಲೇ ಹೋಯ್ತು. ಉಳಿದ ನಾಲ್ಕರಿಂದ 6700417ನ್ನು ಭಾಗಿಸಿ: ಶೇಷ 44, 120, 334, 622. ಯಾವುದೂ ಸೊನ್ನೆ ಅಲ್ಲ. ನಾಲ್ಕೇ ಭಾಗಾಕಾರಕ್ಕೆ ಮುಗಿಯಿತು.

#29 ಮೂವತ್ತೆರಡು_ಬಿಟ್
ಪ್ರೋಗ್ರಾಂ ಬರೆಯೋರಿಗೆ: ದೊಡ್ಡ ಪೂರ್ಣಾಂಕದ ಲೈಬ್ರರಿ ಇಲ್ಲದಿದ್ದರೂ, ಭಾಗಾಕಾರವೇ ಇಲ್ಲದೆ ಶೇಷ ತೆಗೆಯಬಹುದು. 2^32 ಅಂದರೆ −1 ತಾನೇ? 64 ಬಿಟ್‌ನ ಗುಣಲಬ್ಧವನ್ನು ಮೇಲಿನ 32 ಬಿಟ್, ಕೆಳಗಿನ 32 ಬಿಟ್ ಅಂತ ಸೀಳಿ. ಕೆಳಗಿನದರಿಂದ ಮೇಲಿನದನ್ನು ಕಳೀರಿ. ಋಣ ಬಂದರೆ 4294967297 ಕೂಡಿಸಿ. ಮುಗೀತು.

ಉದಾಹರಣೆ: 10324303ರ ವರ್ಗ 106591232435809. ಮೇಲಿನ ಭಾಗ 24817, ಕೆಳಗಿನ ಭಾಗ 3029050977. ಕಳೆದರೆ 3029026160. ಮೇಡಂ ಕೊಟ್ಟ ಬೆಲೆಗೆ ತಾಳೆ ಆಯ್ತು. ಶೇಷ 2^32 ಬಂದಾಗ ಮಾತ್ರ ಬೇರೆಯಾಗಿ ಹಿಡಿದು, ಅದರ ವರ್ಗ 1 ಅಂತ ನೇರ ಬರೆಯಿರಿ. ಆ ಒಂದು ಷರತ್ತು ಬಿಟ್ಟರೆ ಮೊದಲಿನ 0 ಮತ್ತೆ ಬರುತ್ತೆ.

ಅವಿಭಾಜ್ಯ ಅಲ್ಲದ್ದರಿಂದ ಆದ ನಷ್ಟವೂ ಇದೆ. 1991ರ ಐಡಿಯಾ ಅನ್ನೋ ಗೂಢಲಿಪಿ ವಿಧಾನ 2^16 + 1 = 65537ರಲ್ಲಿ ಗುಣಾಕಾರ ಮಾಡುತ್ತೆ. ಅದು ಅವಿಭಾಜ್ಯ, ಹಾಗಾಗಿ ಸೊನ್ನೆಯಲ್ಲದ ಪ್ರತಿ ಶೇಷಕ್ಕೂ ವಿಲೋಮ ಇದೆ, ಬಿಡಿಸೋಕೆ ಆಗುತ್ತೆ. ಅದನ್ನೇ 32 ಬಿಟ್‌ಗೆ ದೊಡ್ಡದು ಮಾಡೋಣ ಅಂದರೆ 2^32 + 1 ಕೈಕೊಡುತ್ತೆ: 641ರ ಗುಣಕಗಳಿಗೆ ವಿಲೋಮವೇ ಇಲ್ಲ.

#30 ಶೇಷಗಣಿತ
ಷರತ್ತು ಸೇರಿಸಿದ ಮೇಲೆ 2^64ರ ಶೇಷ 1 ಬಂತು. ಆಧಾರ 3ಕ್ಕೆ 31 ಸಲದ ನಂತರ 10324303, 32ನೇದಕ್ಕೆ 3029026160. ಪೊಲಾರ್ಡ್‌ಗೆ ಆಧಾರ 3, ಘಾತ 8! ಇಟ್ಟೆ, 641 ಬಂತು. 7!ಗೆ ಮ.ಸಾ.ಅ. 1. ಮುಂದಿನ ಫರ್ಮಾ ಸಂಖ್ಯೆ 2^64 + 1ಕ್ಕೂ ಇದೇ ನಡೆಯುತ್ತಾ?

#31 ಎರಡರಘಾತ
ನಡೆಯುತ್ತೆ, 64 ಬಿಟ್ ಸಾಲದು ಅಷ್ಟೇ. ಆ ಸಂಖ್ಯೆ 18446744073709551617. ಕ್ಲೌಸೆನ್ 1855ರಲ್ಲಿ, ಲಾಂಡ್ರಿ 1880ರಲ್ಲಿ ಕೈಲೆಕ್ಕದಿಂದ ಒಡೆದದ್ದು: 274177 × 67280421310721. ಇದರಲ್ಲಿ 274176 = 2^8 × 3^2 × 7 × 17. ಆಧಾರ 3, ಘಾತ 17! ಇಡಿ. ಇನ್ನೊಂದು ಅಪವರ್ತನದಲ್ಲಿ 1 ಕಳೆದರೆ 2998279 ಅನ್ನೋ ದೊಡ್ಡ ಅವಿಭಾಜ್ಯ ಸಿಕ್ಕಿಕೊಂಡಿದೆ, ಅದು ಜೊತೆಗೆ ಬಂದು ಕೆಡಿಸಲ್ಲ. ಆಧಾರ 2 ಮಾತ್ರ ಇಲ್ಲೂ ಮುಟ್ಟಬೇಡಿ, ಎರಡು ಅಪವರ್ತನದಲ್ಲೂ ಅದರ ಸುತ್ತು 128.

#32 ಶೇಷಗಣಿತ
ಪೈಥಾನ್‌ನಲ್ಲಿ ಹಾಕಿದೆ. 274177 ಬಂತು.